ಸೋತವರೂ ವೇದಿಕೆ ಹತ್ತಲಿ

ನನ್ನದು ಭಾರತದ ಪಾಸ್‌ಪೋರ್ಟ್. ಆದರೂ 2024ರ ಜುಲೈ 4ರಂದು ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ವೋಟು ಹಾಕಿದೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ವೀಸಾ ಇಟ್ಟುಕೊಂಡು ಇಲ್ಲಿ ವಾಸವಿದ್ದರೆ ಸಾಕು, ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಇಲ್ಲೇ ಇಪ್ಪತ್ತು ವರ್ಷ ಇದ್ದ ಫ್ರಾನ್ಸಿನವರಿಗೂ ಈ ಹಕ್ಕಿಲ್ಲ, ನನಗಿದೆ. ಅದೇ ವರ್ಷ ಏಪ್ರಿಲ್ 26 ಮತ್ತು ಮೇ 7ರಂದು ಕರ್ನಾಟಕ ಲೋಕಸಭೆಗೆ ಮತ ಹಾಕಿದಾಗ ಮಾತ್ರ ನಾನು ಬರೀ ಪ್ರೇಕ್ಷಕ. ಹೊರದೇಶದಲ್ಲಿರುವ ಭಾರತೀಯರು ಹೆಸರು ನೋಂದಾಯಿಸಬಹುದು, ನಿಜ. ಆದರೆ ಊರಿಗೇ ಹೋಗಿ, ಬೂತಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಹಾಕಬೇಕು. ಆ ಸಲ ಹೀಗೆ ನೋಂದಾಯಿಸಿದವರು 1.19 ಲಕ್ಷ ಜನ. ಬಂದು ಹಾಕಿದವರು 3,000ಕ್ಕೂ ಕಡಿಮೆ, ಅವರಲ್ಲೂ ಹೆಚ್ಚಿನವರು ಕೇರಳದವರು. ವೋಟಿಗಾಗಿ ವಿಮಾನ ಹತ್ತುವ ಮಲಯಾಳಿಗಳಿಗೆ ಕೈಮುಗಿಯಬೇಕು. ನಮ್ಮವರ ಬಗ್ಗೆ ಸುಮ್ನಿರುವುದೇ ವಾಸಿ.

ಎರಡು ತಿಂಗಳ ಅಂತರದಲ್ಲಿ ಎರಡು ಚುನಾವಣೆ ನೋಡಿದ್ದರಿಂದ ಹೋಲಿಸದೆ ಇರಲಾಗಲಿಲ್ಲ.

ಇಲ್ಲಿ ಮತದಾನದ ದಿನ ರಜೆ ಇಲ್ಲ. ಗುರುವಾರ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಬೂತು ತೆರೆದಿರುತ್ತದೆ, ಕೆಲಸ ಮುಗಿಸಿ ಹೋದರೂ ನಡೆಯುತ್ತದೆ. ಶಾಲೆ, ಚರ್ಚಿನ ಹಾಲ್, ಕೆಲವು ಕಡೆ ಪಬ್ಬೂ ಬೂತೇ. ಒಳಗೆ ಒಂದು ಮೇಜು, ಇಬ್ಬರು ಮೂವರು ಸಿಬ್ಬಂದಿ, ಹಲಗೆಯಿಂದ ಮಾಡಿದ ಮರೆ, ದಾರಕ್ಕೆ ಕಟ್ಟಿದ ಸೀಸದ ಕಡ್ಡಿ. ಬೇಕಾದ ಹೆಸರಿನ ಮುಂದೆ ಗುಣಿಸು ಚಿಹ್ನೆ ಹಾಕಿ, ಕಾಗದ ಮಡಚಿ ಡಬ್ಬಿಗೆ ಹಾಕಿದರೆ ಮುಗೀತು. ಬೆರಳಿಗೆ ಶಾಯಿ ಇಲ್ಲ. ಮೈಸೂರಿನ ಕಾರ್ಖಾನೆಯಿಂದ ಎಷ್ಟೋ ದೇಶಗಳಿಗೆ ಹೋಗುವ ಆ ಶಾಯಿ ಇಲ್ಲಿ ಯಾರಿಗೂ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಫೋಟೋ ಇರುವ ಗುರುತಿನ ಚೀಟಿ ಕೇಳಿದ ಮೊದಲ ಸಂಸತ್ ಚುನಾವಣೆಯೂ ಇದೇ. ಅಲ್ಲಿಯವರೆಗೆ ಹೆಸರು, ವಿಳಾಸ ಹೇಳಿದರೆ ಸಾಕಿತ್ತು! ಬೂತಿನ ಹೊರಗೆ ಪಕ್ಷದವರು ಕೂತು ನಿಮ್ಮ ಕ್ರಮಸಂಖ್ಯೆ ಕೇಳುತ್ತಾರೆ. ಹೇಳಿದರೂ ಸರಿ, ಬಿಟ್ಟರೂ ಸರಿ. ನಮ್ಮ ಕಡೆ ನೂರು ಮೀಟರಿನಾಚೆ ಟೇಬಲ್ ಹಾಕಿಕೊಂಡು ಚೀಟಿ ಬರೆದುಕೊಡುವವರ ಗಲಾಟೆಯ ಮುಂದೆ ಇದು ತೀರಾ ಸಪ್ಪೆ.

ಇದನ್ನೆಲ್ಲ ನೋಡಿ "ನಾವೂ ಕಾಗದಕ್ಕೆ ಮರಳಬೇಕು, ಬ್ರಿಟನ್ನಿನವರನ್ನು ನೋಡಿ" ಅನ್ನುವ ಸ್ನೇಹಿತರು ನನಗೂ ಇದ್ದಾರೆ. ಲೆಕ್ಕ ಹಾಕಿ ನೋಡಿದರೆ ಆ ವಾದ ನಿಲ್ಲುವುದಿಲ್ಲ. ಇಲ್ಲಿ ಒಂದು ಕ್ಷೇತ್ರಕ್ಕೆ ಸುಮಾರು 70ರಿಂದ 77 ಸಾವಿರ ಮತದಾರರು. ಅದಕ್ಕೇ ರಾತ್ರಿಯೆಲ್ಲ ಕೈಯಲ್ಲಿ ಎಣಿಸಿ ಬೆಳಗಾಗುವಷ್ಟರಲ್ಲಿ ಮುಗಿಸುತ್ತಾರೆ. ಕರ್ನಾಟಕದಲ್ಲಿ ಒಂದು ವಿಧಾನಸಭಾ ಕ್ಷೇತ್ರದಲ್ಲೇ ಸರಾಸರಿ ಎರಡು ಲಕ್ಷಕ್ಕಿಂತ ಜಾಸ್ತಿ ಮತದಾರರಿದ್ದಾರೆ. ಲೋಕಸಭಾ ಕ್ಷೇತ್ರದ ಮಾತೇ ಬೇರೆ, ಬೆಂಗಳೂರು ಉತ್ತರ ಒಂದರಲ್ಲೇ 30 ಲಕ್ಷ ದಾಟುತ್ತಾರೆ. ಯಂತ್ರದ ಬಗ್ಗೆ ಅನುಮಾನ ಇರುವವರು ವೋಟು ಯಾರಿಗೆ ಬಿತ್ತು ಎಂದು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಚೀಟಿಗಳನ್ನು ಇನ್ನೂ ಹೆಚ್ಚು ಎಣಿಸಿ ಎಂದು ಕೇಳಲಿ, ಅದು ಬೇರೆ ಮಾತು.

ಜನರ ಹುರುಪಿನ ವಿಷಯಕ್ಕೆ ಬಂದರೆ ನಾವೇ ಮುಂದೆ. ಇಲ್ಲಿ ಸುಮಾರು 60 ಶೇಕಡಾ ಮಂದಿ ಹಾಕಿದರು, ಭಾರತದಲ್ಲಿ ಅದೂ ಆ ಬಿಸಿಲಿನಲ್ಲಿ 65 ದಾಟಿತು. ಮಂಡ್ಯದಲ್ಲಂತೂ 80ಕ್ಕೂ ಜಾಸ್ತಿ. ಬೆಂಗಳೂರು ದಕ್ಷಿಣ 53ರ ಹತ್ತಿರ ನಿಂತಿತು. ಓದಿದವರು ಜಾಸ್ತಿ ಇರುವ ಊರಿನಲ್ಲಿ ರಜೆ ಕೊಟ್ಟರೂ ಹೀಗೆ ಅಂದರೆ ಬ್ರಿಟನ್ನಿನವರನ್ನು ಬೈಯಲು ನಮಗೆ ಬಾಯಿಲ್ಲ.

ಫಲಿತಾಂಶದ ಲೆಕ್ಕ ಮಾತ್ರ ಎರಡೂ ಕಡೆ ಒಂದೇ ಥರ ವಿಚಿತ್ರ. ಯಾರಿಗೆ ಒಂದು ವೋಟು ಜಾಸ್ತಿಯೋ ಅವರೇ ಗೆದ್ದರು ಅನ್ನುವ ಪದ್ಧತಿಯನ್ನು ನಾವು ಇವರಿಂದಲೇ ಪಡೆದದ್ದು ತಾನೇ. 2024ರಲ್ಲಿ ಲೇಬರ್ ಪಕ್ಷಕ್ಕೆ ಬಿದ್ದದ್ದು 34 ಶೇಕಡಾಗೂ ಕಡಿಮೆ ವೋಟು, ಸಿಕ್ಕಿದ್ದು 650ರಲ್ಲಿ 411 ಸೀಟು. 2019ರಲ್ಲಿ ಅದೇ ಪಕ್ಷಕ್ಕೆ ಒಂದು ಕೋಟಿಗೂ ಹೆಚ್ಚು ವೋಟು ಬಿದ್ದಿತ್ತು, 2024ರಲ್ಲಿ ಬಿದ್ದದ್ದು 97 ಲಕ್ಷ. ಆಗ ಹೀನಾಯ ಸೋಲು, ಈಗ ಭರ್ಜರಿ ಗೆಲುವು! ರಿಫಾರ್ಮ್ ಪಕ್ಷ 14 ಶೇಕಡಾ ವೋಟು ತೆಗೆದುಕೊಂಡು 5 ಸೀಟಿಗೆ ತೃಪ್ತಿಪಟ್ಟಿತು. ಅದಕ್ಕಿಂತ ಕಡಿಮೆ ವೋಟು ಬಿದ್ದ ಲಿಬರಲ್ ಡೆಮಾಕ್ರಾಟರಿಗೆ 72. ಕನ್ನಡಿಗರಿಗೆ ಇದು ಹೊಸದೇನಲ್ಲ. 2018ರ ವಿಧಾನಸಭೆಯಲ್ಲಿ ಜಾಸ್ತಿ ವೋಟು ಕಾಂಗ್ರೆಸ್ಸಿಗೆ, ಜಾಸ್ತಿ ಸೀಟು ಬಿಜೆಪಿಗೆ. ಆಮೇಲೆ ಆದ ನಾಟಕ ಎಲ್ಲರಿಗೂ ಗೊತ್ತು. ಪದ್ಧತಿ ಬದಲಿಸೋಣವೇ ಅಂತ ಬ್ರಿಟನ್ 2011ರಲ್ಲಿ ಜನಮತ ಕೇಳಿತು. ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು.

ನಮ್ಮೂರಿಗೆ ಒಂದೇ ಒಂದನ್ನು ತರಬಹುದು ಅಂದರೆ ನಾನು ಇಲ್ಲಿನ ಫಲಿತಾಂಶದ ರಾತ್ರಿಯನ್ನು ತರುತ್ತೇನೆ.

ನಮ್ಮಲ್ಲಿ ಎಣಿಕೆ ಸುತ್ತು ಸುತ್ತಾಗಿ ನಡೆಯುತ್ತದೆ. ಮೂರನೇ ಸುತ್ತಿಗೆ ಇವರ ಲೀಡ್, ಒಂಬತ್ತನೇ ಸುತ್ತಿಗೆ ಅವರ ಲೀಡ್. ಹಿಂದೆ ಬಿದ್ದವರು ಮಧ್ಯಾಹ್ನಕ್ಕೆ ಮೊದಲೇ ಕಾರು ಹತ್ತಿ ಮನೆಗೆ ಹೋಗಿರುತ್ತಾರೆ. ಕೊನೆಗೆ ಚುನಾವಣಾಧಿಕಾರಿಯಿಂದ ಪ್ರಮಾಣಪತ್ರ ತೆಗೆದುಕೊಳ್ಳುವಾಗ ಗೆದ್ದವರು, ಅವರ ಹಿಂದೆ ನೂಕಾಡುವ ಬೆಂಬಲಿಗರು ಮಾತ್ರ. ಸೋತವರ ಮುಖ ನೋಡಬೇಕು ಅಂದರೆ ಮಾರನೇ ದಿನದ ಪತ್ರಿಕಾಗೋಷ್ಠಿಗೆ ಕಾಯಬೇಕು.

ಇಲ್ಲಿ ಸುತ್ತುಗಳಿಲ್ಲ. ಎಣಿಕೆ ಮುಗಿದ ಮೇಲೆ ಅಭ್ಯರ್ಥಿಗಳು ಎದೆ ಮೇಲೆ ಪಕ್ಷದ ಬಣ್ಣದ ರಿಬ್ಬನ್ ಹೂ ಸಿಕ್ಕಿಸಿಕೊಂಡು ಒಂದೇ ವೇದಿಕೆಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಅಧಿಕಾರಿ ಅಕ್ಷರಮಾಲೆ ಪ್ರಕಾರ ಒಬ್ಬೊಬ್ಬರ ಹೆಸರು, ಬಿದ್ದ ವೋಟು ಓದುತ್ತಾರೆ. ಠೇವಣಿ ಕಳೆದುಕೊಂಡವರದ್ದೂ ಓದುತ್ತಾರೆ. ಆ ರಾತ್ರಿ ಪ್ರಧಾನಿ ರಿಷಿ ಸುನಕ್ ತಮ್ಮ ಕ್ಷೇತ್ರದ ವೇದಿಕೆಯಲ್ಲಿ ನಿಂತಿದ್ದಾಗ ಅಲ್ಲೇ ತಲೆಗೆ ಕಸದ ಡಬ್ಬಿ ಹಾಕಿಕೊಂಡ ಕೌಂಟ್ ಬಿನ್‌ಫೇಸ್ ಅನ್ನುವ ಹಾಸ್ಯದ ಅಭ್ಯರ್ಥಿಯೂ ನಿಂತಿದ್ದರು. ದೇಶದ ಪ್ರಧಾನಿಗೂ ಕಸದ ಡಬ್ಬಿಗೂ ಅಲ್ಲಿ ಒಂದೇ ಸಾಲು. ಯಾರೂ ತಳ್ಳಾಡಲಿಲ್ಲ. ಸುನಕ್ ತಮ್ಮ ಸೀಟು ಗೆದ್ದರೂ ಅದೇ ವೇದಿಕೆಯಿಂದ ತಮ್ಮ ಪಕ್ಷ ಸೋತಿದೆ ಎಂದು ಒಪ್ಪಿಕೊಂಡರು. ಬೆಳಿಗ್ಗೆ ಪ್ರಧಾನಿ ನಿವಾಸದ ಮುಂದೆ ನಿಂತು ದೇಶದ ಕ್ಷಮೆ ಕೇಳಿ ರಾಜೀನಾಮೆಗೆ ಹೊರಟರು. ಮಧ್ಯಾಹ್ನದ ಹೊತ್ತಿಗೆ ಲೇಬರ್ ನಾಯಕ ಕಿಯರ್ ಸ್ಟಾರ್ಮರ್ ಅದೇ ಮನೆಯಲ್ಲಿದ್ದರು.

ನಮ್ಮಲ್ಲಿ ಜೂನ್ 4ಕ್ಕೆ ಫಲಿತಾಂಶ, 9ಕ್ಕೆ ಪ್ರಮಾಣವಚನ. ಆ ಐದು ದಿನದ ಬಗ್ಗೆ ನನಗೆ ತಕರಾರಿಲ್ಲ, ಮೈತ್ರಿಕೂಟಕ್ಕೆ ಮಾತುಕತೆ ಬೇಕೇ ಬೇಕು. ನನ್ನ ತಕರಾರು ಆ ವೇದಿಕೆಯದ್ದು. ಹೆಂಡನ್ ಅನ್ನುವ ಕ್ಷೇತ್ರದಲ್ಲಿ ಆ ಸಲ ಗೆಲುವಿನ ಅಂತರ 15 ವೋಟು. ಹದಿನೈದೇ! ಅಷ್ಟರಲ್ಲಿ ಸೋತರೂ ಸೋಲು ಸೋಲೇ, ಮಾತು ಅಲ್ಲಿಗೆ ಮುಗಿಯಿತು. ತಿಂಗಳುಗಟ್ಟಲೆ ಬೈದಾಡಿಕೊಂಡವರು ಒಂದು ನಿಮಿಷ ಪಕ್ಕಪಕ್ಕ ನಿಂತು ಅಂಕಿ ಕೇಳಿಸಿಕೊಂಡರೆ, ಹೊರಗೆ ಪಟಾಕಿ ಹಿಡಿದು ನಿಂತ ಹುಡುಗರಿಗೂ ಜಗಳ ಮುಗಿದದ್ದು ಗೊತ್ತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಫಲಿತಾಂಶದ ಸಂಜೆಯೇ ಮೆರವಣಿಗೆ ಎದುರು ಪಕ್ಷದವರ ಮನೆ ಮುಂದೆ ಹೋಗಿ ನಿಲ್ಲುತ್ತದಲ್ಲ, ಅಲ್ಲಿಂದಲೇ ಅಲ್ವಾ ಮುಂದಿನ ಐದು ವರ್ಷದ ದ್ವೇಷ ಶುರುವಾಗುವುದು?

ಭದ್ರತೆ ಕಷ್ಟ ಅನ್ನಬಹುದು. ಎಣಿಕೆ ಕೇಂದ್ರದ ಸುತ್ತ ಹೇಗೂ ಮೂರು ಸುತ್ತು ಪೊಲೀಸರಿರುತ್ತಾರೆ, ಒಳಗೊಂದು ವೇದಿಕೆ ಹಾಕಲು ಜಾಗವೂ ಇದೆ. ಹೊಸ ಕಾನೂನೇ ಬೇಕು ಅಂತಿಲ್ಲ. ಇಲ್ಲೂ ಸೋತವರು ಮಾತಾಡಲೇಬೇಕು ಅನ್ನುವ ನಿಯಮ ಇಲ್ಲ. ಮಾಜಿ ಪ್ರಧಾನಿ ಲಿಜ್ ಟ್ರಸ್ ಆ ರಾತ್ರಿ 630 ವೋಟಿನಿಂದ ಸೋತರು. ವೇದಿಕೆಗೆ ತಡವಾಗಿ ಬಂದರು, ಕಾದು ಬೇಸತ್ತ ಜನ ನಿಧಾನಕ್ಕೆ ಚಪ್ಪಾಳೆ ತಟ್ಟಿ ಅಣಕಿಸಿದರು. ಫಲಿತಾಂಶ ಕೇಳಿ, ಭಾಷಣ ಮಾಡದೆ ಹೊರಟುಹೋದರು. ಆದರೂ ಬಂದು ನಿಂತಿದ್ದರು.