ಮಗು ಎಲ್ಲಿ?

ಹೋದ ತಿಂಗಳು ಅಮ್ಮನಿಗೆ ಲಸಿಕೆ ಹಾಕಿಸೋಕೆ ಕರ್ಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ತಲೆ ಎತ್ತದೇ ‘ಮಗು ಎಲ್ಲಿ ಮೇಡಂ, ಕಾರ್ಡ್ ಕೊಡಿ’ ಅಂದಳು. ನಾನು ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದ 68 ವರ್ಷದ ಮಗುವನ್ನು ತೋರಿಸಿದೆ. ಅವಳಿಗೂ ನಗು ಬಂತು. ಅಮ್ಮ ಮಾತ್ರ ನಗಲಿಲ್ಲ. ‘ನಾಯಿ ಕಚ್ಚಿಲ್ಲ, ಮೊಳೆ ಚುಚ್ಚಿಲ್ಲ, ನನಗ್ಯಾಕೆ ಇಂಜೆಕ್ಷನ್’ ಅಂತ ಬಸ್ಸಿನಲ್ಲಿ ಶುರು ಮಾಡಿದ ರಾಗ ಇನ್ನೂ ಮುಗಿದಿರಲಿಲ್ಲ.

ಯಾಕೆ ಅಂದ್ರೆ, ಅಪ್ಪ.

ಎರಡು ವರ್ಷದ ಹಿಂದೆ ಅಪ್ಪನಿಗೆ ಸರ್ಪಸುತ್ತು ಆಯಿತು. ಎಡಗಡೆ ಎದೆಯಿಂದ ಬೆನ್ನಿನವರೆಗೆ ಬೆಲ್ಟು ಕಟ್ಟಿದ ಹಾಗೆ ಗುಳ್ಳೆ. ಪಕ್ಕದ ಮನೆ ಅಜ್ಜಿ ಕೆಮ್ಮಣ್ಣು ಕಲಸಿ ತಂದು ಹಚ್ಚಿದರು. ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಅನ್ನೋ ಹೆದರಿಕೆ. ಅದು ಕೂಡೋದಿಲ್ಲ ಬಿಡಿ. ಚಿಕ್ಕಂದಿನಲ್ಲಿ ‘ಅಮ್ಮ’, ಅಂದರೆ ಚಿಕನ್‌ಪಾಕ್ಸ್, ಆಗಿದ್ದಾಗ ಬಂದ ವೈರಸ್ಸೇ ನರದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಅದೇ ನರ ಹಿಡಿದು ಹೊರಗೆ ಬರುತ್ತದೆ. ನರ ಮೈಯ ಒಂದೇ ಮಗ್ಗುಲಿಗೆ ಹರಿಯೋದರಿಂದ ಗುಳ್ಳೆಯೂ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ನಿಲ್ಲುತ್ತದೆ.

ಮೂರು ವಾರಕ್ಕೆ ಗುಳ್ಳೆ ಒಣಗಿತು. ನೋವು ಒಣಗಲಿಲ್ಲ. ಬನಿಯನ್ ಬಟ್ಟೆ ತಾಗಿದರೂ ಉರಿ. ಡಿಸೆಂಬರ್ ಚಳಿಯಲ್ಲೂ ಬರೀ ಪಂಚೆಯಲ್ಲಿ ಕೂರುತ್ತಿದ್ದರು. ರಾತ್ರಿ ನಿದ್ದೆ ಇಲ್ಲ, ಸಂಜೆ ವಾಕಿಂಗ್ ಇಲ್ಲ, ಅರಳಿಕಟ್ಟೆ ಸ್ನೇಹಿತರಿಲ್ಲ. ಊರಿನ ಎಲ್ಲ ಬಸ್ಸಿನ ಟೈಮು ಬಾಯಿಪಾಠ ಇದ್ದ ಮನುಷ್ಯ ‘ಇವತ್ತು ಯಾವ ವಾರ’ ಅಂತ ಕೇಳೋಕೆ ಶುರು ಮಾಡಿದರು. ಆರು ತಿಂಗಳಲ್ಲಿ ಹತ್ತು ವರ್ಷ ಜಾಸ್ತಿ ಆದಂತೆ ಕಂಡರು.

ಆಗಲೇ ನಾನು ಇದರ ಬಗ್ಗೆ ಓದೋಕೆ ಕೂತಿದ್ದು. ಓದ್ತಾ ವೇಲ್ಸ್ ದೇಶದ ಕಥೆ ಸಿಕ್ಕಿತು. ಅಲ್ಲಿ 2013ರ ಸೆಪ್ಟೆಂಬರ್ 1ರಿಂದ ಸರ್ಪಸುತ್ತಿನ ಲಸಿಕೆ ಕೊಡೋಕೆ ಶುರು ಮಾಡಿದರು. ನಿಯಮ ವಿಚಿತ್ರ: 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಉಂಟು, ಒಂದು ದಿನ ಮುಂಚೆ ಹುಟ್ಟಿದ್ದರೂ ಇಲ್ಲ. ಲಸಿಕೆ ಹಾಕಿಸಿಕೊಳ್ಳೋರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರೋರು, ಅದಕ್ಕೇ ಚೆನ್ನಾಗಿರ್ತಾರೆ ಅನ್ನೋ ವಾದ ಇದೆಯಲ್ಲ, ಅದು ಇಲ್ಲಿ ನಡೆಯೋದಿಲ್ಲ. ವಾರದ ಆಚೆ ಈಚೆ ಹುಟ್ಟಿದವರಲ್ಲಿ ಏನು ವ್ಯತ್ಯಾಸ ಇರುತ್ತೆ ಹೇಳಿ? ಏಳು ವರ್ಷದ ದಾಖಲೆ ನೋಡಿದಾಗ, ಲಸಿಕೆ ಪಡೆದವರಲ್ಲಿ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಸುಮಾರು ಶೇ. 20ರಷ್ಟು ಕಡಿಮೆ. ಹೆಂಗಸರಲ್ಲಿ ಲಾಭ ಇನ್ನೂ ಜಾಸ್ತಿ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದು ಹಳೆಯ ಲಸಿಕೆ, ನಮ್ಮಲ್ಲಿ 2023ರಿಂದ 50 ದಾಟಿದವರಿಗೆ ಸಿಗ್ತಿರೋದು ಬೇರೆ, ಶಿಂಗ್ರಿಕ್ಸ್. ಹಾಗಾಗಿ ಆ ಲೆಕ್ಕವನ್ನು ಇದಕ್ಕೆ ಹಾಗೇ ಹಚ್ಚೋಕಾಗಲ್ಲ. ಆದ್ರೂ ಸರ್ಪಸುತ್ತು ತಡೆಯೋದರಲ್ಲಿ ಇದೇ ಗಟ್ಟಿ. ನನಗೆ ಅಷ್ಟೇ ಸಾಕಿತ್ತು.

ಫ್ಲೂ ವಿಷಯವೂ ಇದೇ. ‘ಬರೀ ಜ್ವರ ತಾನೇ’ ಅಂತೀವಿ. ಕೆನಡಾದ ಒಂಟಾರಿಯೊದಲ್ಲಿ ಲೆಕ್ಕ ಹಾಕಿ ನೋಡಿದರೆ, ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಆರು ಪಟ್ಟು. ಇನ್ನೊಂದು ಪ್ರಯೋಗದಲ್ಲಿ, ಎಂಟು ದೇಶಗಳ ಸುಮಾರು 2,500 ಹೃದಯ ರೋಗಿಗಳಲ್ಲಿ ಅರ್ಧ ಜನಕ್ಕೆ ಆಸ್ಪತ್ರೆಯಲ್ಲೇ ಫ್ಲೂ ಲಸಿಕೆ ಕೊಟ್ಟರು, ಉಳಿದವರಿಗೆ ಬರೀ ಉಪ್ಪುನೀರು. ವರ್ಷದೊಳಗೆ ತೀರಿಕೊಂಡವರು ಲಸಿಕೆ ಪಡೆದವರಲ್ಲಿ ಶೇ. 2.9, ಉಪ್ಪುನೀರಿನವರಲ್ಲಿ ಶೇ. 4.9. ಸ್ಟೆಂಟ್ ಹಾಕಿಸಿಕೊಂಡ ನಮ್ಮ ಮಾವನಿಗೆ ಮಾತ್ರೆ ಚೀಟಿ ಎರಡು ಪುಟ ಇದೆ. ಈ ಇಂಜೆಕ್ಷನ್ ಬಗ್ಗೆ ಒಬ್ಬರೂ ಒಂದು ಮಾತು ಹೇಳಿರಲಿಲ್ಲ.

ನನ್ನ ಸಿಟ್ಟು ಇರೋದು ಇಲ್ಲೇ. ಮಗು ಹುಟ್ಟಿದರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ತಾರೀಕು ನೆನಪಿಸ್ತಾರೆ. ಫ್ಲೂ, ಸರ್ಪಸುತ್ತಿಗೆ ಮಾತ್ರ ನಾವೇ ಹುಡುಕಬೇಕು, ನಾವೇ ದುಡ್ಡು ಕಟ್ಟಬೇಕು. ಅಮ್ಮನ ಎರಡು ಡೋಸಿಗೆ ಇಪ್ಪತ್ತು ಸಾವಿರದ ಮೇಲೆ. ಪಿಂಚಣಿಯಲ್ಲಿ ಬದುಕೋರು ಏನು ಮಾಡಬೇಕು? 2021ರ ಮಾರ್ಚ್ 1ರಿಂದ 60 ದಾಟಿದವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿ ಕೋವಿಡ್ ಲಸಿಕೆ ಕೊಟ್ಟೆವಲ್ಲ, ಆಗ ಆಗಿದ್ದು ಈಗ ಯಾಕಾಗಲ್ಲ? ಕಡೇಪಕ್ಷ ಶುಗರ್, ಹಾರ್ಟ್ ಕಾಯಿಲೆ ಇರೋರಿಗೆ ವರ್ಷಕ್ಕೊಂದು ಫ್ಲೂ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಲಿ.

ಅಂದಹಾಗೆ, ಅಮ್ಮನಿಗೆ ಅವತ್ತು ರಾತ್ರಿ ತೋಳು ನೋವು, ಮೈ ಬಿಸಿ. ಮಾರನೇ ದಿನ ಅಪ್ಪನೇ ಉಪ್ಪಿಟ್ಟು ಮಾಡಿದರು, ಉಪ್ಪು ಮರೆತು. ಅದು ವಯಸ್ಸಿನ ಮರೆವಲ್ಲ, ಮೊದಲಿಂದಲೂ ಹಾಗೇ. ಎರಡನೇ ಡೋಸ್ ಎರಡು ತಿಂಗಳ ಮೇಲೆ. ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಕೆಂಪು ಪೆನ್ನಿನಲ್ಲಿ ಅಪ್ಪ ಬರೆದಿಟ್ಟಿದ್ದಾರೆ: ‘ಇವಳಿಗೆ ಸರ್ಪ 2. 9.40ರ ಬಸ್ಸು.’