ಸ್ಪಷ್ಟನೆ: ಬ್ರಹ್ಮಾನಂದ ಶಂಖವಾಳಕರ್ ಫುಟ್‌ಬಾಲ್ ವಿಶ್ವಕಪ್ ಆಡಿಲ್ಲ

‘ಗೋವಾದ ಬ್ರಹ್ಮಾನಂದ ಶಂಖವಾಳಕರ್ ವಿಶ್ವಕಪ್ ಆಡಿದ ಗೋಲ್‌ಕೀಪರ್, ಮಕ್ಕಳು ಅವರಂತಾಗಲು 5ನೇ ಸೈಜಿನ ಚೆಂಡನ್ನೇ ದಾನ ಮಾಡಿ’ ಎಂಬ ಸಂದೇಶ ವಾಸ್ಕೊ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಭಾರತದ ಹಿರಿಯ ಪುರುಷರ ಫುಟ್‌ಬಾಲ್ ತಂಡ ವಿಶ್ವಕಪ್ ಆಡಿಯೇ ಇಲ್ಲ. 1950ರಲ್ಲಿ ಅವಕಾಶವಿದ್ದರೂ ಹೋಗಲಿಲ್ಲ. ಗೋವಾದ ಸಾಲಗಾಂವಕರ್ ಕ್ಲಬ್ಬಿಗೆ ಆಡಿದ ಶಂಖವಾಳಕರ್ ಭಾರತ ತಂಡದ ನಾಯಕರಾಗಿದ್ದವರು, 1997ರ ಅರ್ಜುನ, 2022ರ ಪದ್ಮಶ್ರೀ ಪುರಸ್ಕೃತರು. ಇಂಥ ಸಾಧನೆಗೆ ಸುಳ್ಳಿನ ಮೆರುಗು ಬೇಕಿಲ್ಲ.

ಇನ್ನು ಚೆಂಡಿನ ಮಾತು. ಉಚಿತ ಫುಟ್‌ಬಾಲ್ ಶಿಬಿರಗಳ 8ರಿಂದ 12 ವರ್ಷದ ಮಕ್ಕಳಿಗೆ 4ನೇ ಸೈಜು ಕೊಡಿ. 5ನೆಯದು ದೊಡ್ಡವರ ಚೆಂಡು; ತೂಕ 410–450 ಗ್ರಾಂ, ಸುತ್ತಳತೆ 68–70 ಸೆಂ.ಮೀ.; ಚಿಕ್ಕ ಕೈಗೆ ಹಿಡಿತ ಸಿಗದೆ ಬೆರಳು ಹಿಂದಕ್ಕೆ ಬಾಗಿ ಉಳುಕಬಹುದು. ಗೋಲ್‌ಕೀಪರ್ ಚೆಂಡು ತಡೆಯಲು ಪಕ್ಕಕ್ಕೆ ಜಿಗಿದು ಬೀಳುವ ಡೈವ್ ಹೊಡೆಯುವುದನ್ನೂ ಮೊದಲು ಕೂತು, ಆಮೇಲೆ ಮಂಡಿಯೂರಿ, ಕೊನೆಗೆ ನಿಂತು ಕಲಿಸಬೇಕು. ಮೊಣಕೈ ಊರಿ ಬಿದ್ದರೆ ಪೆಟ್ಟು ಭುಜಕ್ಕೆ.