ಕಂತ್ರಿ ನಾಯಿ ಸಾಕೋದು ಸುಲಭ ಅಂದವರು ಯಾರು?

ನಿನ್ನೆ ಮತ್ತೊಂದು ಪೋಸ್ಟ್ ಕಣ್ಣಿಗೆ ಬಿತ್ತು. ರಟ್ಟಿನ ಡಬ್ಬದಲ್ಲಿ ಒಂದರ ಮೇಲೊಂದು ಮಲಗಿದ ನಾಲ್ಕು ಬೀದಿ ಮರಿಗಳು. ಕೆಳಗೆ, "ದೇಸಿ ನಾಯಿಗಳಿಗೆ ರೋಗ ಬರಲ್ಲ, ಖರ್ಚಿಲ್ಲ, ಏನು ಹಾಕಿದ್ರೂ ತಿನ್ನುತ್ತವೆ. ದತ್ತು ತಗೊಳ್ಳಿ." ಶೇರ್ ಮಾಡೋಕೆ ಹೋದ ಬೆರಳು ಹಾಗೇ ನಿಂತಿತು. ಆ ಮರಿಗಳಿಗೆ ಮನೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ವರ್ಷದ ಹಿಂದೆ ಇದೇ ಮಾತು ನಂಬಿ ನಾನೂ ಒಂದು ಮರಿ ತಂದಿದ್ದೆ. ಮೊದಲ ಒಂದು ವರ್ಷ ನಾವಿಬ್ಬರೂ ಪಟ್ಟ ಪಾಡು ನಮಗೇ ಗೊತ್ತು.

ಅವಳ ಹೆಸರು ಕೆಂಪಿ. ಮೈಸೂರಿನ ನಮ್ಮ ಬೀದಿಯ ಕೊನೆಯಲ್ಲಿ ಕಟ್ಟುತ್ತಿದ್ದ ಮನೆಯ ಮರಳು ಗುಡ್ಡೆ ಮೇಲೆ ಸಿಕ್ಕಿದವಳು. ಅಮ್ಮ ಮೊದಲ ದಿನವೇ "ಕಂತ್ರಿ ನಾಯಿ ಯಾಕೋ, ಒಳ್ಳೆ ಜಾತಿದು ತರಬಾರದಾ" ಅಂದಿದ್ದರು. ಈ 'ಕಂತ್ರಿ' ಅನ್ನೋ ಬೈಗುಳ 'ಕಂಟ್ರಿ' ಅನ್ನೋ ಇಂಗ್ಲಿಷ್ ಪದದಿಂದ ಬಂತು ಅಂತಾರೆ. ಕಂಟ್ರಿ ಡಾಗ್, ಅಂದರೆ ಊರ ನಾಯಿ, ನಾಡ ನಾಯಿ. ಬಿಳಿಯರು ತಮ್ಮ ನಾಯಿಗಳಿಂದ ಬೇರೆ ಮಾಡಿ ಹೇಳೋಕೆ ಬಳಸಿದ ಪದವನ್ನ ನಾವು ಬೈಗುಳ ಮಾಡಿಕೊಂಡು ಮನುಷ್ಯರಿಗೂ ಹಚ್ಚಿದ್ದೇವೆ.

ಜಾತಿ ಇಲ್ಲದ ನಾಯಿ ಅನ್ನೋದೇ ತಪ್ಪು. ಲ್ಯಾಬ್, ಪಗ್, ಜರ್ಮನ್ ಶೆಫರ್ಡ್ ಎಲ್ಲವನ್ನೂ ಮನುಷ್ಯ ತನಗೆ ಬೇಕಾದ ಕೆಲಸಕ್ಕೆ, ಬೇಕಾದ ಚಂದಕ್ಕೆ ತಕ್ಕ ಹಾಗೆ ಜೋಡಿ ಮಾಡಿಸಿ ತಯಾರು ಮಾಡಿದ್ದು. ನಮ್ಮ ಊರ ನಾಯಿಯನ್ನ ಯಾರೂ ತಯಾರು ಮಾಡಲಿಲ್ಲ. ಸಾವಿರಾರು ವರ್ಷ ಮನುಷ್ಯನ ಊರಿನ ಅಂಚಿನಲ್ಲಿ ತನ್ನ ಹೊಟ್ಟೆ ತಾನೇ ಹೊರೆದುಕೊಂಡು, ಬಿಸಿಲು ಮಳೆ ತಡೆದುಕೊಂಡು ಬದುಕಿ ಬಂದ ತಳಿ. ಇಂಥವನ್ನ ಆದಿಮ ತಳಿಗಳು ಅಂತ ಕರೀತಾರೆ. ಆಸ್ಟ್ರೇಲಿಯಾದ ಡಿಂಗೊ, ಆಫ್ರಿಕಾದ ಬಸೆಂಜಿ ಎಲ್ಲ ಇದೇ ಸಾಲು. (ಕಾಡಿನ ಸೀಳುನಾಯಿ ಬೇರೆ. ಅದರ ಕುಲವೇ ಬೇರೆ, ಅದನ್ನ ಸಾಕೋ ಯೋಚನೆ ಯಾರಿಗೂ ಬರದಿರಲಿ.) ಡಿಂಗೊ, ಬಸೆಂಜಿ ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತವೆ. ನಮ್ಮ ಬೀದಿ ನಾಯಿಗಳದ್ದೂ ಬಹುಪಾಲು ಹಾಗೇ. ಮಳೆಗಾಲ ಮುಗಿದು ಚಳಿ ಶುರುವಾದ ಮೇಲೆ ಬೀದಿ ತುಂಬಾ ಮರಿ ಕಾಣೋದು ಅದಕ್ಕೇ. ಸಿಟಿಯಲ್ಲಿ ಈಗ ತುಂಬಾ ಬೆರಕೆ ಆಗಿದೆ, ಒಪ್ಪುತ್ತೇನೆ. ಆದರೆ ಕೆಂಪಿಯ ನೆಟ್ಟಗಿನ ಕಿವಿ, ಚೂಪು ಮುಖ, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ ನೋಡಿದರೆ ಅವಳ ಹಳೇ ಮನೆತನ ಗೊತ್ತಾಗುತ್ತೆ.

ನೋಡೋಕೆ ಗೊತ್ತಾಗುತ್ತೆ ಸರಿ. ಜೊತೆಗೆ ಬದುಕಿದಾಗ ಗೊತ್ತಾಗೋದೇ ಬೇರೆ.

ಲ್ಯಾಬ್‌ಗೆ 'ಕೂತ್ಕೋ' ಅಂದರೆ ಕೂರುತ್ತೆ. ಕೆಂಪಿ ಮೊದಲು ನನ್ನ ಮುಖ ನೋಡುತ್ತಾಳೆ, ಆಮೇಲೆ ಕೈ. ಕೈಯಲ್ಲಿ ಏನೂ ಇಲ್ಲದಿದ್ದರೆ ಎದ್ದು ಹೋಗಿ ನುಗ್ಗೆ ಮರದ ಬುಡದಲ್ಲಿ ತಾನೇ ತೋಡಿದ ಗುಂಡಿಯಲ್ಲಿ ಮಲಗುತ್ತಾಳೆ. ಅರ್ಥ ಆಗಿಲ್ಲ ಅಂತಲ್ಲ. ಅರ್ಥ ಆಗಿ, ಯೋಚನೆ ಮಾಡಿ, ಬೇಡ ಅಂದುಕೊಂಡಿರುತ್ತಾಳೆ. ಎಂಟು ತಿಂಗಳ ಮರಿಯಾಗಿದ್ದಾಗ ಒಬ್ಬ ಟ್ರೈನರ್‌ನ ಕರೆಸಿದ್ದೆ. ಆತ ಮುಳ್ಳಿನ ಚೈನ್ ಹಾಕಿ ಎರಡು ಸಲ ಜಗ್ಗಿದ. ಮೂರನೇ ಸಲ ಜಗ್ಗೋ ಮೊದಲೇ ಇವಳು ಅವನ ಪ್ಯಾಂಟು ಹಿಡಿದಿದ್ದಳು. "ಇದು ಕೈಗೆ ಸಿಗೋ ನಾಯಿ ಅಲ್ಲ ಸಾರ್, ಬಿಟ್ಬಿಡಿ" ಅಂತ ದುಡ್ಡು ತಗೊಂಡು ಹೋದ. ಆಮೇಲೆ ಹದಿನೈದು ದಿನ ಅವಳು ನನ್ನ ಕೈಯಿಂದಲೂ ಏನೂ ತಿನ್ನಲಿಲ್ಲ. ತಟ್ಟೆ ಇಟ್ಟು ನಾನು ಒಳಗೆ ಹೋದ ಮೇಲೆ ಬಂದು ತಿನ್ನುತ್ತಿದ್ದಳು. ತಪ್ಪು ನನ್ನದೇ. ಹೆದರಿಸಿ ಕಲಿಸಿದರೆ ಈ ನಾಯಿಗಳು ಕಲಿಯೋದು ಒಂದೇ, ನಿಮ್ಮನ್ನ ನಂಬಬಾರದು ಅಂತ. ಬೀದಿಯಲ್ಲಿ ಅವುಗಳ ಅಜ್ಜಿ ಮುತ್ತಜ್ಜಿ ಬದುಕಿದ್ದೇ ಹಾಗೆ ಅಲ್ವಾ?

ಇನ್ನು ದೀಪಾವಳಿ. ಮೊದಲ ವರ್ಷ ಐದೂವರೆ ಅಡಿ ಕಾಂಪೌಂಡ್ ಒಂದೇ ನೆಗೆತಕ್ಕೆ ಹಾರಿ ಹೋದಳು. ಎರಡು ರಾತ್ರಿ ಬೈಕಿನಲ್ಲಿ ಹುಡುಕಿದೆ. ಮೂರನೇ ದಿನ ಬೆಳಗಿನ ಜಾವ ಹಾಲಿನ ಪ್ಯಾಕೆಟ್ ತರೋಕೆ ಗೇಟು ತೆಗೆದರೆ ಹೊಸ್ತಿಲಲ್ಲೇ ಮಲಗಿದ್ದಾಳೆ, ಮೈಯೆಲ್ಲ ಕೆಸರು. ಅಮ್ಮ ಅವತ್ತು ಅತ್ತಿದ್ದನ್ನ ನಾನು ನೋಡಿಲ್ಲ ಅಂತಲೇ ಅವರು ಅಂದುಕೊಂಡಿದ್ದಾರೆ. ಈಗ ಕಾಂಪೌಂಡಿನ ಮೇಲೆ ಎರಡಡಿ ಜಾಲರಿ ಬಂದಿದೆ. ಹಬ್ಬದ ಮೂರು ದಿನ ನಾವು ಯಾರ ಮನೆಗೂ ಹೋಗಲ್ಲ.

ರೋಗ ಬರಲ್ಲ ಅಂತಾರಲ್ಲ, ಅದೂ ಅರ್ಧ ಸತ್ಯ. ಪಗ್‌ಗೆ ಇರೋ ಉಸಿರಾಟದ ತೊಂದರೆ, ಶೆಫರ್ಡ್‌ಗೆ ಬರೋ ಸೊಂಟದ ನೋವು ಇವಕ್ಕೆ ಕಮ್ಮಿ, ನಿಜ. ಹದಿನೈದು ವರ್ಷ ಬದುಕೋವೂ ಇವೆ. ಆದರೆ ಉಣುಗಿಗೆ ದೇಸಿ ವಿದೇಶಿ ಅನ್ನೋ ಭೇದ ಇಲ್ಲ. ಎರಡನೇ ವರ್ಷ ಉಣುಗಿನ ಜ್ವರ ಬಂದು ಪ್ಲೇಟ್‌ಲೆಟ್ ಇಳಿದು, ಒಸಡು ಬೆಳ್ಳಗಾಗಿತ್ತು. ತಿಂಗಳಿಡೀ ಮಾತ್ರೆ. ಮಾತ್ರೆಯನ್ನ ಕೋಳಿ ಈಲಿ ಒಳಗೆ ಇಟ್ಟು ಕೊಟ್ಟರೆ ಈಲಿ ತಿಂದು ಮಾತ್ರೆಯನ್ನ ಮಾತ್ರ ನೀಟಾಗಿ ನೆಲಕ್ಕೆ ಉಗುಳುತ್ತಿದ್ದಳು. ಕೊನೆಗೆ ದಾರಿ ತೋರಿಸಿದ್ದು ಅಮ್ಮನ ರಾಗಿ ಮುದ್ದೆ. ಮುದ್ದೆಯನ್ನ ಅಗಿಯಬಾರದು, ನುಂಗಬೇಕು ಅನ್ನೋದು ನಮ್ಮ ಮನೆಯಲ್ಲಿ ಅವಳಿಗೂ ಗೊತ್ತು.

2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಆಮೇಲೆ ಅದೇ ತಿಂಗಳು ಆದೇಶ ಸಡಿಲ ಮಾಡಿತು. ಆ ಗಲಾಟೆಯಲ್ಲಿ ಎಷ್ಟೋ ಜನ ಮನಸ್ಸು ಕರಗಿ ಮರಿ ತಂದರು. ನನಗೆ ಗೊತ್ತಿರೋ ಇಬ್ಬರು ನಾಲ್ಕೇ ತಿಂಗಳಿಗೆ ವಾಪಸ್ ಕೊಟ್ಟರು. ಒಬ್ಬರ ದೂರು, "ಮುದ್ದು ಮಾಡೋಕೆ ಬಿಡಲ್ಲ." ಇನ್ನೊಬ್ಬರದು, "ನೆಂಟರಿಗೆ ಬೊಗಳುತ್ತೆ." ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರೋದು 'ಖರ್ಚಿಲ್ಲದ ಲ್ಯಾಬ್' ಅನ್ನೋ ಹಾಗೆ ಮರಿ ಕೊಟ್ಟವರ ಮೇಲೆ. ಮನೆ ಒಳಗೆ ಒಂದು ಸಲ ಮಲಗಿ ಅಭ್ಯಾಸವಾದ ಮರಿ ಮತ್ತೆ ಬೀದಿಗೆ ಬಿದ್ದರೆ ಅಲ್ಲಿನ ನಾಯಿಗಳು ಅದನ್ನ ಸೇರಿಸಿಕೊಳ್ಳಲ್ಲ.

ನಾಯಿಗೆ ಬೆಲೆ ಕೊಡೋದು ನಮಗೆ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನದ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಅದರಲ್ಲಿರೋ ಕಥೆ ಇದು: ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ, ಏನು ಬೇಕು ಕೇಳು ಅಂದ. ಆತ ಕೇಳಿದ್ದು ಊರಲ್ಲ, ಚಿನ್ನವಲ್ಲ, ಕಾಳಿ ಅನ್ನೋ ನಾಯಿಯನ್ನ. ಆ ಕಾಳಿ ಕಾಡುಹಂದಿ ಜೊತೆ ಕಾದಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಕಲ್ಲಿನಲ್ಲಿ ನಾಯಿ ಹಂದಿ ಎದುರಾಬದುರಾ ನಿಂತಿರೋ ಚಿತ್ರ ಇದೆ, ಹೋದರೆ ನೋಡಿ. ಕಾಳಿ ಬೇಟೆ ನಾಯಿ, ನಮ್ಮ ಕೆಂಪಿ ಇಲ್ಲಿವರೆಗೆ ಹಿಡಿದಿರೋದು ಎರಡು ಹೆಗ್ಗಣ. ಅದರಲ್ಲಿ ಒಂದನ್ನ ತಂದು ಅಮ್ಮನ ಚಪ್ಪಲಿ ಪಕ್ಕ ಇಟ್ಟಿದ್ದಳು.

ಪ್ರೀತಿ ಇಲ್ಲ ಅಂದುಕೊಳ್ಳಬೇಡಿ. ಅವಳ ಪ್ರೀತಿ ಮೈಮೇಲೆ ಬೀಳೋ ಪ್ರೀತಿ ಅಲ್ಲ ಅಷ್ಟೇ. ನಾನು ಸಂಜೆ ಜಗಲಿಯಲ್ಲಿ ಕೂತರೆ ಎರಡು ಮಾರು ದೂರದಲ್ಲಿ, ನನಗೆ ಬೆನ್ನು ಹಾಕಿ, ಗೇಟಿನ ಕಡೆ ಮುಖ ಮಾಡಿ ಕೂರುತ್ತಾಳೆ. ಒಂದು ಕಿವಿ ಬೀದಿಗೆ, ಒಂದು ಕಿವಿ ನನ್ನ ಕಡೆ. ಮೊದಲೆಲ್ಲ ಇದು ಸೊಕ್ಕು ಅಂದುಕೊಂಡಿದ್ದೆ. ನಂಬಿಕೆ ಇಲ್ಲದವರಿಗೆ ಅವಳು ಬೆನ್ನು ಕೊಡೋದೇ ಇಲ್ಲ ಅಂತ ತಿಳಿಯೋಕೆ ಎರಡು ವರ್ಷ ಬೇಕಾಯ್ತು.

ಕಳೆದ ವಾರ ಒಬ್ಬರು ಮೆಸೇಜ್ ಮಾಡಿ, ದೇಸಿ ಮರಿ ತಗೋಬೇಕು ಅಂತಿದೀನಿ, ಏನಂತೀರಿ ಅಂತ ಕೇಳಿದರು. ಭಾನುವಾರ ಮನೆಗೆ ಬನ್ನಿ, ಒಂದು ಗಂಟೆ ಜಗಲಿಯಲ್ಲಿ ಸುಮ್ನೆ ಕೂತಿರಿ, ಅವಳನ್ನ ಕರೀಬೇಡಿ, ಮುಟ್ಟಬೇಡಿ ಅಂದೆ. ಬಂದರು. ಕೆಂಪಿ ಇಪ್ಪತ್ತು ನಿಮಿಷ ಗುರ್ ಅಂದಳು. ಆಮೇಲೆ ಬಂದು ಅವರ ಚಪ್ಪಲಿ ಮೂಸಿ, ಹೋಗಿ ಗುಂಡಿಯಲ್ಲಿ ಮಲಗಿದಳು. "ಇಷ್ಟೇನಾ ಸಾರ್?" ಅಂದರು. ಮೊದಲ ದಿನಕ್ಕೆ ಇದು ಜಾಸ್ತಿನೇ ಅಂದೆ. ಮುಂದಿನ ಭಾನುವಾರ ಮತ್ತೆ ಬರ್ತಾರಂತೆ.